ಬಡಾವಣೆಯ ತಾಳ: ದಾವಣಗೆರೆಯ ರಸಮಂಜರಿ ವೇದಿಕೆ ಮತ್ತು ಡಿಸ್ಕೋ ಸಂಗೀತದ ಜಾನಪದ ನೆಲೆ

ಕನ್ನಡ ಜಾನಪದ ಅಧ್ಯಯನವು ಕಳೆದ ಶತಮಾನದಲ್ಲಿ ಸಂಗ್ರಹಿಸಿದ ಹಾಡುಗಳ ರಾಶಿ ಬಹು ದೊಡ್ಡದು. ಬೀಸುವ ಪದ, ಸೋಬಾನೆ, ಕೋಲಾಟದ ಪದ, ಲಾವಣಿ, ಗೀಗೀ, ತತ್ವಪದ, ಮಹಾಕಾವ್ಯ ಇವೆಲ್ಲವೂ ಅಚ್ಚಿಗೆ ಬಂದಿವೆ. ಗ್ರಂಥಾಲಯಗಳಲ್ಲಿ ನೆಲೆ ಪಡೆದಿವೆ. ಆದರೆ 1980ರ ದಶಕದಲ್ಲಿ ಇದೇ ಜನ ತಮ್ಮ ಬೀದಿಗಳಲ್ಲಿ, ಗಣೇಶನ ಚಪ್ಪರಗಳ ಮುಂದೆ, ರಾತ್ರಿ ಹನ್ನೆರಡರವರೆಗೆ ನಿಂತು ಕೇಳಿದ, ಕೂಗಿ ಮತ್ತೊಮ್ಮೆ ಹಾಡಿಸಿದ, ಕುಣಿದ ಸಂಗೀತವೊಂದು ಈ ರಾಶಿಯಲ್ಲಿ ಕಾಣಸಿಗುವುದು ಅಪರೂಪ. ಅದು ಡಿಸ್ಕೋ. ಜಾನಪದ ವಿದ್ವಾಂಸರ ಪಾಲಿಗೆ ಅದು ಬಹುಕಾಲ ಜಾನಪದದ ಶತ್ರುವಾಗಿಯೇ ಉಳಿಯಿತು. ವಿದ್ಯುತ್ತಿನಿಂದ ಹುಟ್ಟುವ ನಾದ, ಪರದೇಶದ ತಾಳ, ಸಿನಿಮಾದ ಮಾತು ಎಂಬ ಮೂರು ಕಾರಣಗಳಿಂದ ಅದನ್ನು ಕ್ಷೇತ್ರಕಾರ್ಯದ ಹೊರಗಿಡಲಾಯಿತು.

ಈ ಹೊರಗಿಡುವಿಕೆ ಸರಿಯೇ ಎಂಬ ಪ್ರಶ್ನೆಯನ್ನು ದಾವಣಗೆರೆ ನಗರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನಗರದ ದೇವರಾಜ ಅರಸು ಬಡಾವಣೆಯಂತಹ ಹೊಸ ವಸತಿ ಪ್ರದೇಶ, ಅದಕ್ಕೆ ಹೊಂದಿದ ನೆರೆಯ ಹರಿಹರ, ಇವೆರಡರ ನಡುವಿನ ಗಿರಣಿ-ಕಾರ್ಖಾನೆಗಳ ಬದುಕು ಇಲ್ಲಿನ ಭಿತ್ತಿ. ಡಿಸ್ಕೋ ಶ್ರೇಷ್ಠ ಸಂಗೀತವೆಂದು ಸಾಧಿಸುವುದು ಇಲ್ಲಿನ ಗುರಿಯಲ್ಲ. ಯಾವ ಕುಲಕ್ಕೂ ಯಾವ ಊರಿಗೂ ವಂಶಪಾರಂಪರ್ಯವಾಗಿ ಸೇರದ ಸಂಗೀತವಾಗಿದ್ದುದರಿಂದಲೇ ಅದು ಹೊಸ ಬಡಾವಣೆಯ ಬೇರೆ ಬೇರೆ ಜನರಿಗೆ ಸಮಾನವಾಗಿ ಸಲ್ಲುವ ಹಾಡಾಗಲು ಸಾಧ್ಯವಾಯಿತು ಎಂಬುದು ಇಲ್ಲಿ ಮಂಡಿಸುತ್ತಿರುವ ವಿಚಾರ. ಆ ಸಾಧ್ಯತೆಗೆ ಒಂದು ಬೆಲೆಯೂ ತೆರಬೇಕಾಯಿತು. ಅದನ್ನೂ ಮರೆಮಾಚದೆ ಗಮನಿಸಬೇಕಾಗಿದೆ.

1. ಪರದೇಶದ ತಾಳ ಬಂದ ದಾರಿ

ಡಿಸ್ಕೋ ಎಂಬ ಮಾತಿನ ಮೂಲ ಫ್ರೆಂಚ್ ಭಾಷೆಯ ‘ಡಿಸ್ಕೊಥೆಕ್’. ವಾದ್ಯವೃಂದದ ಬದಲು ಧ್ವನಿಮುದ್ರಿಕೆಗಳನ್ನು ಹಾಕಿ ಕುಣಿಯುವ ಮನೆ ಎಂದು ಅದರ ಅರ್ಥ. ಅಮೆರಿಕದ ನಗರಗಳಲ್ಲಿ 1970ರ ದಶಕದ ಆರಂಭದಲ್ಲಿ ಕರಿಯರು, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಿಗಳು ಸೇರುತ್ತಿದ್ದ ಕುಣಿತದ ಮನೆಗಳಲ್ಲಿ ಈ ಸಂಗೀತ ರೂಪುಗೊಂಡಿತು. ಅದರ ತಾಳದ ಲಕ್ಷಣ ಸರಳ. ನಾಲ್ಕು ಮಾತ್ರೆಗಳ ಆವರ್ತದಲ್ಲಿ ಪ್ರತಿ ಮಾತ್ರೆಗೂ ದೊಡ್ಡ ಡ್ರಮ್ಮಿನ ಒಂದು ಪೆಟ್ಟು ಬೀಳುತ್ತದೆ. ಎರಡು ಪೆಟ್ಟುಗಳ ನಡುವೆ ಕಂಚಿನ ತಟ್ಟೆಯ ಸದ್ದು ಬರುತ್ತದೆ. ಕೆಳಗೆ ಬೇಸ್ ಗಿಟಾರ್ ಮಂದ್ರ ಮಧ್ಯಗಳ ನಡುವೆ ಜಿಗಿಯುತ್ತಿರುತ್ತದೆ. 1977ರಲ್ಲಿ ಡೊನಾ ಸಮರ್ ಹಾಡಿ ಜಾರ್ಜಿಯೊ ಮೊರೊಡರ್ ತಂಡ ರೂಪಿಸಿದ ‘ಐ ಫೀಲ್ ಲವ್’ ಹಾಡಿನಲ್ಲಿ ಈ ತಾಳ ಬಹುಪಾಲು ಸಿಂಥಸೈಜರ್ ಯಂತ್ರದಿಂದಲೇ ಹೊರಟಿತು. ನಂತರದ ವಿದ್ಯುನ್ಮಾನ ನೃತ್ಯ ಸಂಗೀತಕ್ಕೆಲ್ಲ ಅದು ಒಂದು ಮೂಲಮಾದರಿ. ಅದೇ ವರ್ಷದ ‘ಸ್ಯಾಟರ್‌ಡೇ ನೈಟ್ ಫೀವರ್’ ಚಲನಚಿತ್ರ ಡಿಸ್ಕೋವನ್ನು ಜಗತ್ತಿಗೆ ಹಬ್ಬಿಸಿತು. ಅಷ್ಟೇ ಬೇಗ ಅದರ ವಿರುದ್ಧ ಸಿಟ್ಟೂ ಹುಟ್ಟಿತು. 1979ರ ಜುಲೈ 12ರಂದು ಶಿಕಾಗೊ ನಗರದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು.

ಅಮೆರಿಕದಲ್ಲಿ ಅದು ಇಳಿಮುಖವಾಗುತ್ತಿದ್ದ ಹೊತ್ತಿನಲ್ಲೇ ಭಾರತದಲ್ಲಿ ಏರತೊಡಗಿತು. ಈ ಏರಿಕೆಯ ಹಿಂದೆ ಕರ್ನಾಟಕದ ಕೈಯೊಂದು ಇರುವುದನ್ನು ಕನ್ನಡ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಬಿದ್ದು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ನಿರ್ಮಿಸಿದ, ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಇಂಗ್ಲೆಂಡ್, ಅಮೆರಿಕಗಳೆರಡರಲ್ಲೂ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. 1980ರ ‘ಕುರ್ಬಾನಿ’ ಹಿಂದಿ ಚಿತ್ರಕ್ಕೆ ಅವರು ಹದಿನೈದರ ಹರೆಯದ ನಾಜಿಯಾ ಹಸನ್ ಅವರಿಂದ ಹಾಡಿಸಿದ ಗೀತೆ, 1981ರ ‘ಡಿಸ್ಕೊ ದೀವಾನೆ’ ಧ್ವನಿಮುದ್ರಿಕೆ ಇವೆರಡೂ ಉಪಖಂಡದ ಕಿವಿಯನ್ನೇ ಬದಲಿಸಿದವು. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೊ ಡಾನ್ಸರ್’ ಬಂದಿತು. ಕರ್ನಾಟಕದ ಮಟ್ಟಿಗೆ ಅದು ಗೋಕಾಕ್ ಚಳವಳಿಯ ವರ್ಷ. ಕನ್ನಡದ ಸ್ಥಾನಮಾನಕ್ಕಾಗಿ ಬೀದಿಗಿಳಿದ ಅದೇ ತರುಣ ಪೀಳಿಗೆ ಈ ಹಾಡುಗಳಿಗೂ ಕಿವಿಗೊಟ್ಟಿತೆಂಬುದು ಗಮನಾರ್ಹ.

ಅದೇ 1982ರಲ್ಲಿ ಮುಂಬಯಿಯ ವಾದಕ ಚರಣಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಒಂದು ಧ್ವನಿಮುದ್ರಿಕೆ ತಂದರು. ಜಪಾನಿನ ರೋಲಾಂಡ್ ಕಂಪನಿಯ ಮೂರು ಯಂತ್ರಗಳ ಹೊರತು ಅದರಲ್ಲಿ ಬೇರೆ ವಾದ್ಯವಿಲ್ಲವೆಂದೇ ಹೇಳಬಹುದು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣಗೊಂಡಾಗ, 1987ರಲ್ಲಿ ಶಿಕಾಗೊ ನಗರದಿಂದ ಹೊರಟ ‘ಆ್ಯಸಿಡ್ ಹೌಸ್’ ಸಂಗೀತದ ಚಹರೆ ಇದರಲ್ಲಿ ಐದು ವರ್ಷ ಮೊದಲೇ ಇದೆಯೆಂದು ಪಾಶ್ಚಾತ್ಯ ಕೇಳುಗರು ಬೆರಗಾದರು. ನಮ್ಮಲ್ಲಿ ನಡೆದುದನ್ನು ಹೊರಗಿನವರು ಹೇಳುವವರೆಗೆ ನಾವು ಗುರುತಿಸಲಿಲ್ಲ ಎಂಬ ಪಾಠ ಇದರಲ್ಲಿದೆ. ಸಣ್ಣ ನಗರಗಳ ರಸಮಂಜರಿ ವೇದಿಕೆಗೂ ಈ ಪಾಠ ಅನ್ವಯಿಸುತ್ತದೆ.

2. ಬಡಾವಣೆಗೆ ಬೇಕಾದ ಹಾಡು

ದಾವಣಗೆರೆ ಹಳೆಯ ಅರ್ಥದ ಸಾಂಸ್ಕೃತಿಕ ರಾಜಧಾನಿಯಲ್ಲ. ಅದು ಹತ್ತಿ, ಗಿರಣಿ, ದಲ್ಲಾಳಿ ಮಂಡಿ, ಮಂಡಕ್ಕಿ ಭಟ್ಟಿಗಳಿಂದ ಬೆಳೆದ ಊರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ಈ ನಗರದಲ್ಲಿ ದಿನದ ಹೊತ್ತನ್ನು ಗಿರಣಿಯ ಕೂಗು ಅಳೆಯುತ್ತಿತ್ತು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಯಂತ್ರೋಪಕರಣಗಳನ್ನು ತಯಾರಿಸುತ್ತಿತ್ತು. ಹಳ್ಳಿಗಳಿಂದ ಬಂದು ಪಾಳಿಯ ಮೇಲೆ ದುಡಿಯುವ ಕಾರ್ಮಿಕರು, ಗುಮಾಸ್ತರು, ಶಿಕ್ಷಕರು, ಸಣ್ಣ ವ್ಯಾಪಾರಿಗಳು ನಗರದ ಹೊಸ ಬಡಾವಣೆಗಳನ್ನು ತುಂಬಿದರು. ದೇವರಾಜ ಅರಸು ಬಡಾವಣೆಯ ಹೆಸರೇ 1970ರ ದಶಕದ ರಾಜಕೀಯ ಪಲ್ಲಟವನ್ನು ನೆನಪಿಸುತ್ತದೆ. 1972ರಲ್ಲಿ ಮುಖ್ಯಮಂತ್ರಿಯಾದ ಅರಸು ಅವರು ಹಾವನೂರು ಆಯೋಗ, ಭೂಸುಧಾರಣೆಗಳ ಮೂಲಕ ಹಿಂದುಳಿದ ವರ್ಗಗಳಿಗೆ ಶಾಲೆ, ನೌಕರಿಗಳ ಬಾಗಿಲನ್ನು ತೆರೆಯಲು ಯತ್ನಿಸಿದರು. ಆ ಬಾಗಿಲಿನಿಂದ ಒಳಬಂದ ಮೊದಲ ಪೀಳಿಗೆ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡು ನಗರವಾಸಿಯಾಯಿತು.

ಹಳ್ಳಿಯಲ್ಲಿ ಪ್ರತಿ ಮನೆಗೂ ಜಾತ್ರೆಯಲ್ಲಿ ಒಂದು ನಿಗದಿತ ಪಾತ್ರವಿರುತ್ತದೆ. ತೇರಿನ ಹಗ್ಗ ಯಾರದು, ಮೊದಲ ಕಾಯಿ ಯಾರದು, ಡೊಳ್ಳು ಯಾರದು, ಹಲಗೆ ಯಾರದು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತದೆ. ದಾವಣಗೆರೆಯ ಹಳೆಯ ಊರಿಗೂ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯುಂಟು. ಅಲ್ಲಿನ ಹಕ್ಕು ಬಾಧ್ಯತೆಗಳು ಹಳೆಯವು. ಬಡಾವಣೆಗೆ ಇಂತಹ ಹಿಂದಿನ ಲೆಕ್ಕವಿಲ್ಲ. ‘ಎ’ ಬ್ಲಾಕು, ‘ಬಿ’ ಬ್ಲಾಕು, ಅಡ್ಡರಸ್ತೆ, ಮುಖ್ಯರಸ್ತೆ ಎಂಬ ವಿಳಾಸಗಳಲ್ಲಿ ಕುಲದ ಗುರುತು ಇರುವುದಿಲ್ಲ. ಪಕ್ಕದ ಮನೆಯವರ ಸೋಬಾನೆ ಪದ ಇವರಿಗೆ ಬಾರದು, ಇವರ ಮನೆದೇವರ ಪದ ಅವರಿಗೆ ತಿಳಿಯದು. ಹಾಗಿದ್ದರೂ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಮಾಡುವ ಆಚರಣೆಯೊಂದು ಬೇಕಾಯಿತು. ಬೀದಿಯ ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವಗಳು ಆ ಸ್ಥಾನವನ್ನು ತುಂಬಿದವು. ಅವುಗಳ ಕೇಂದ್ರದಲ್ಲಿ ನಿಂತದ್ದು ‘ರಸಮಂಜರಿ’ ಎಂದು ಕರಪತ್ರಗಳಲ್ಲಿ ಅಚ್ಚಾಗುತ್ತಿದ್ದ, ಜನರ ಬಾಯಲ್ಲಿ ‘ಆರ್ಕೆಸ್ಟ್ರಾ’ ಆಗಿದ್ದ ಕಾರ್ಯಕ್ರಮ.

ರಸಮಂಜರಿಗೆ ತನ್ನದೇ ಆದ ವಿಧಿಕ್ರಮವಿತ್ತು. ಗಣಪತಿ ಸ್ತುತಿಯಿಂದ ಆರಂಭ, ಬಳಿಕ ಒಂದೆರಡು ಭಕ್ತಿಗೀತೆ, ನಂತರ ರಾಜಕುಮಾರ್ ಚಿತ್ರಗಳ ಮಧುರ ಗೀತೆಗಳು, ನಡುವೆ ಮಿಮಿಕ್ರಿ, ಚೀಟಿಗಳಲ್ಲಿ ಬರೆದುಕೊಟ್ಟ ಕೋರಿಕೆಯ ಹಾಡುಗಳು, ಹಿರಿಯರು, ಮಕ್ಕಳು ಮನೆಗೆ ತೆರಳುವ ಹೊತ್ತಿಗೆ ಕುಣಿತದ ಹಾಡುಗಳು. ಈ ಕೊನೆಯ ಭಾಗವೇ ಡಿಸ್ಕೋದ ಜಾಗ. ಬಣ್ಣದ ಸೀರಿಯಲ್ ದೀಪಗಳು ತಾಳಕ್ಕೆ ತಕ್ಕಂತೆ ಹತ್ತಿ ಆರುತ್ತಿದ್ದವು. ವೇದಿಕೆಯ ಮುಂದಿನ ಖಾಲಿ ಜಾಗಕ್ಕೆ ಬೀದಿಯ ಹುಡುಗರು ಇಳಿಯುತ್ತಿದ್ದರು. ‘ಒನ್ಸ್ ಮೋರ್’ ಎಂಬ ಕೂಗಿಗೆ ಕಲಾವಿದರು ಮಣಿಯಲೇಬೇಕಿತ್ತು. ಸ್ತುತಿಯಿಂದ ಹೊರಟು ಕಥೆ, ಹಾಸ್ಯಗಳನ್ನು ಹಾದು ಕುಣಿತದಲ್ಲಿ ಮುಗಿಯುವ ಈ ಕ್ರಮಕ್ಕೂ ಬಯಲಾಟದ ರಾತ್ರಿಯ ಕ್ರಮಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಹೊಸ ವಾದ್ಯಗಳನ್ನು ತಂದವರು ಹಳೆಯ ರಾತ್ರಿಯ ವಿನ್ಯಾಸವನ್ನು ಹಾಗೆಯೇ ಉಳಿಸಿಕೊಂಡಿದ್ದರು.

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರ ಪ್ರಕಾರ ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವುದೇ ಗುಂಪನ್ನು ‘ಜನಪದ’ ಎನ್ನಬಹುದು. ಕನ್ನಡದ ಜಾನಪದ ತರಗತಿಗಳಲ್ಲಿ ಈ ವ್ಯಾಖ್ಯಾನವನ್ನು ದಶಕಗಳಿಂದ ಬೋಧಿಸಲಾಗುತ್ತಿದೆ. ಆದರೆ ಕ್ಷೇತ್ರಕ್ಕೆ ಹೊರಟಾಗ ವಿದ್ಯಾರ್ಥಿ ಹಿಡಿಯುವುದು ಹಳ್ಳಿಯ ಬಸ್ಸನ್ನೇ. ತನ್ನ ಮನೆಯಿರುವ ಬಡಾವಣೆಯ ಚಪ್ಪರದ ಮುಂದೆ ರಾತ್ರಿ ಸೇರಿದ ಗುಂಪು ಅವನಿಗೆ ಜನಪದವಾಗಿ ಕಾಣಲಿಲ್ಲ. ಸಿದ್ಧಾಂತವನ್ನು ಒಪ್ಪಿಯೂ ಅದನ್ನು ಬಳಸದೆ ಉಳಿದ ಈ ಅಂತರವೇ ನಮ್ಮ ಶಿಸ್ತಿನ ದೊಡ್ಡ ಕೊರತೆ.

3. ಎರವಲು ಧಾಟಿಯ ಪ್ರಶ್ನೆ

ಡಿಸ್ಕೋ ಹಾಡುಗಳ ಮೇಲಿನ ಮುಖ್ಯ ಆಕ್ಷೇಪ ಅವು ಕದ್ದ ಧಾಟಿಗಳೆಂಬುದು. ಆಕ್ಷೇಪದಲ್ಲಿ ಹುರುಳಿದೆ. ‘ಡಿಸ್ಕೊ ಡಾನ್ಸರ್’ ಚಿತ್ರದ ಕೆಲವು ಹಾಡುಗಳಲ್ಲಿ ಫ್ರಾನ್ಸಿನ ಒಟ್ಟಾವಾನ್, ಇಂಗ್ಲೆಂಡಿನ ಬಗಲ್ಸ್ ತಂಡಗಳ ಧಾಟಿಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಕೃತಿಸ್ವಾಮ್ಯದ ನೆಲೆಯಿಂದ ಇದು ದೋಷವೇ ಸರಿ. ಆದರೆ ಜಾನಪದ ಅಧ್ಯಯನಕಾರರು ಈ ದೋಷವನ್ನು ಕಾರಣವಾಗಿ ಮುಂದೊಡ್ಡುವಾಗ ತಮ್ಮದೇ ಸಾಮಗ್ರಿಯನ್ನು ಮರೆಯುತ್ತಾರೆ. ಗೀಗೀ ಮೇಳಗಳು ಹೊಸ ಪದವನ್ನು ಹಳೆಯ ಮಟ್ಟಿಗೆ ಕಟ್ಟುತ್ತವೆ. ಭಜನೆಯ ಮೇಳಗಳು ಸಿನಿಮಾ ಧಾಟಿಗೆ ದೇವರ ಪದ ಹಾಡುತ್ತವೆ. ವೃತ್ತಿ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಇಂತಹ ಮರಾಠಿ ಅಥವಾ ಹಿಂದಿ ಹಾಡಿನ ಧಾಟಿಯೆಂದು ಮುಚ್ಚುಮರೆಯಿಲ್ಲದೆ ಅಚ್ಚು ಹಾಕುತ್ತಿದ್ದರು. ದಾವಣಗೆರೆ ಈ ಕಂಪನಿ ಪರಂಪರೆಯ ತವರುಗಳಲ್ಲೊಂದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಂಪನಿ ನಾಟಕದ ಎರವಲು ಧಾಟಿಯನ್ನು ಪರಂಪರೆಯೆಂದೂ ರಸಮಂಜರಿಯ ಎರವಲು ಧಾಟಿಯನ್ನು ಅಪಭ್ರಂಶವೆಂದೂ ಕರೆಯುವುದಕ್ಕೆ ಕಾಲದ ಅಂತರವನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ವಾದ್ಯದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕಂಪನಿ ನಾಟಕದ ಜೀವಾಳವಾದ ಹಾರ್ಮೋನಿಯಂ, ಅಂದರೆ ಪೇಟಿ, ಯುರೋಪಿನಿಂದ ಬಂದದ್ದು. ಅದು ಭಾರತೀಯ ಸಂಗೀತವನ್ನು ಕೆಡಿಸುತ್ತದೆಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದರ ಮೇಲೆ ಹೇರಿದ ನಿಷೇಧ ಸಡಿಲಗೊಳ್ಳಲು ಮೂರು ದಶಕಗಳು ಹಿಡಿದವು. ಸಿನಿಮಾ ಹಾಡುಗಳನ್ನೂ 1950ರ ದಶಕದಲ್ಲಿ ಬಾನುಲಿಯಿಂದ ದೂರವಿಡಲಾಯಿತು. ಕೇಳುಗರು ರೇಡಿಯೊ ಸಿಲೋನಿನತ್ತ ತಿರುಗಿದರು. ಕೊನೆಗೆ 1957ರಲ್ಲಿ ವಿವಿಧಭಾರತಿ ಆರಂಭವಾಯಿತು. ಇಂದು ಪೇಟಿಯಿಲ್ಲದ ಭಜನೆಯನ್ನು, ತತ್ವಪದದ ಗೋಷ್ಠಿಯನ್ನು ಊಹಿಸುವುದು ಕಷ್ಟ. ಜನಬಳಕೆಯಲ್ಲಿ ‘ಕ್ಯಾಸಿಯೊ’ ಎಂಬ ಒಂದು ಕಂಪನಿಯ ಹೆಸರೇ ಎಲ್ಲ ಬಗೆಯ ವಿದ್ಯುನ್ಮಾನ ಕೀಬೋರ್ಡುಗಳ ಹೆಸರಾಯಿತು. ಹೀಗೆ ಅಂಕಿತನಾಮವು ರೂಢನಾಮವಾಗುವುದು ವಸ್ತುವೊಂದು ಜನರ ಕೈಗೆ ಒಗ್ಗಿದೆಯೆಂಬುದರ ಕುರುಹು.

4. ಮೂರು ಚಿತ್ರಗಳು, ಮೂರು ಹಂತಗಳು

ಕನ್ನಡದ ಮಟ್ಟಿಗೆ ಡಿಸ್ಕೋದ ಬೆಳವಣಿಗೆಯನ್ನು ಮೂರು ಚಿತ್ರಗಳ ಮೂಲಕ ಗುರುತಿಸಬಹುದು. ಮೊದಲನೆಯದು ಶಂಕರನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜ ಸಂಗೀತದ ‘ಗೀತಾ’ (1981). ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದರಲ್ಲಿ ಹಾಡಿದ ‘ಸಂತೋಷಕ್ಕೆ’ ರಸಮಂಜರಿ ವೇದಿಕೆಯ ಖಾಯಂ ಹಾಡಾಗಿ ಉಳಿಯಿತು. ಈ ಹಾಡಿನಲ್ಲಿ ವಿದ್ಯುನ್ಮಾನ ಯಂತ್ರ ಇನ್ನೂ ಮೇಲುಗೈ ಪಡೆದಿಲ್ಲ. ಡ್ರಮ್ಮು, ಬೇಸ್ ಗಿಟಾರುಗಳು ಡಿಸ್ಕೋದ ಸಮಬಡಿತವನ್ನು ಹಿಡಿದಿವೆ. ಗಾಯನದ ಧಾಟಿ ಮಾತ್ರ ಯಾರ ಗಂಟಲಿಗೂ ಎಟುಕುವಂತಹದು. ಅದರ ಜಾನಪದ ಗುಣ ಇರುವುದು ಇಲ್ಲಿಯೇ. ತರಬೇತಿಯಿಲ್ಲದ ಕಂಠವೂ ಜೊತೆಗೂಡಬಹುದು; ಗುಂಪು ಸೇರಿದಷ್ಟೂ ಹಾಡು ಕಳೆಗಟ್ಟುತ್ತದೆ. ಒಬ್ಬನೇ ಕೂತು ಕೇಳಿದರೆ ಅದರ ಅರ್ಧ ಸುಖ ಮಾತ್ರ ದಕ್ಕುತ್ತದೆ.

ಎರಡನೆಯದು ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ (1986). ಇದಕ್ಕೆ ಬಪ್ಪಿ ಲಾಹಿರಿ ಅವರಿಂದಲೇ ಸಂಗೀತ ಮಾಡಿಸಲಾಯಿತು. ಹಿಂದಿಯಲ್ಲಿ ಗೆದ್ದ ಡಿಸ್ಕೋವನ್ನು ಅದರ ಕರ್ತೃವಿನ ಸಮೇತ ಕನ್ನಡಕ್ಕೆ ತರುವ ಯತ್ನವಿದು. ತಾಳವಾದ್ಯ, ಯಂತ್ರನಾದಗಳ ಅಬ್ಬರದಲ್ಲಿ ಕನ್ನಡದ ಮಾತು ಹಿಂದೆ ಸರಿಯುವುದನ್ನು ಇಲ್ಲಿ ಕಾಣಬಹುದು. ನಾಲ್ಕು ಮಾತ್ರೆಯ ಯಂತ್ರದ ಬಡಿತಕ್ಕೆ ಕನ್ನಡ ಪದಗಳ ಗುರು ಲಘುಗಳನ್ನು ಹೊಂದಿಸದೆ ಹಾಗೆಯೇ ತುಂಬಿದರೆ ಪದ ಒಡೆಯುತ್ತದೆ. ಡಿಸ್ಕೋ ಕುರಿತು ವಿಮರ್ಶಕರು ಆಡಿದ ಕಟುಮಾತುಗಳು ಈ ಬಗೆಯ ಹಾಡುಗಳಿಗೆ ನ್ಯಾಯವಾಗಿಯೇ ಸಲ್ಲುತ್ತವೆ.

ಮೂರನೆಯದು ವಿ. ರವಿಚಂದ್ರನ್ ಅವರ ‘ಪ್ರೇಮಲೋಕ’ (1987). ಸಂಗೀತ, ಸಾಹಿತ್ಯ ಎರಡೂ ಹಂಸಲೇಖ ಅವರವು. ಎರಡನೆಯ ಹಂತದ ತೊಡಕಿಗೆ ಇಲ್ಲಿ ಪರಿಹಾರ ಸಿಕ್ಕಿತು. ಹಂಸಲೇಖ ಸಂಭಾಷಣೆಯನ್ನೇ ಹಾಡಾಗಿಸಿದರು. ಕನ್ನಡದ ಆಡುಮಾತಿನ ಚಿಕ್ಕ ಚಿಕ್ಕ ತುಂಡುಗಳು, ಪ್ರಶ್ನೆ-ಉತ್ತರಗಳು, ಪ್ರಾಸದ ಚೇಷ್ಟೆಗಳು ಯಂತ್ರದ ತಾಳದ ಖಾನೆಗಳಲ್ಲಿ ಸಲೀಸಾಗಿ ಕೂತವು. ಇದು ಸವಾಲ್-ಜವಾಬಿನ ಲಾವಣಿಗೆ ಹತ್ತಿರದ ರೀತಿ. ಗಂಡುಹೆಣ್ಣುಗಳ ವಾದವನ್ನು ಹರದೇಶಿ-ನಾಗೇಶಿ ಮೇಳಗಳು ಹೇಗೆ ಹಾಡಿನಲ್ಲಿ ನಡೆಸುತ್ತಿದ್ದವೋ ಹಾಗೆಯೇ ಇಲ್ಲಿ ಕಾಲೇಜಿನ ಹುಡುಗ ಹುಡುಗಿಯರ ಕೀಟಲೆ ನಡೆಯುತ್ತದೆ. ಈ ಹಾಡುಗಳ ಕ್ಯಾಸೆಟ್ಟು ನಾಡಿನಾದ್ಯಂತ ಮನೆಮನೆಗೆ ತಲಪಿತು. ಮುಂದೆ ಹಂಸಲೇಖ ಅವರು ದೇಸಿ ಸಂಗೀತದ ಪ್ರತಿಪಾದಕರಾದುದನ್ನು ಒಂದು ತಿರುವು ಎಂದು ಭಾವಿಸುವವರಿದ್ದಾರೆ. ಹಾಡುಗಳ ರಚನೆಯನ್ನು ನೋಡಿದರೆ ಆ ದೇಸಿ ಪ್ರಜ್ಞೆ ವಿದ್ಯುನ್ಮಾನ ನಾದದ ಒಳಗೇ ಆಗಲೇ ಕೆಲಸ ಮಾಡುತ್ತಿತ್ತು.

ಈ ಬೆಳವಣಿಗೆಯನ್ನು ಅರಿಯಲು ಹರಿಹರದ ದೇವಾಲಯವನ್ನು ನೆನೆಯಬಹುದು. 1224ರಲ್ಲಿ ಪೊಲಾಳ್ವ ದಂಡನಾಥನು ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಭಕ್ತರು ಎರಡನ್ನೂ ಬೇರ್ಪಡಿಸಿ ಯಾವುದು ಮೂಲವೆಂದು ಕೇಳುವುದಿಲ್ಲ. ಕೂಡಿಕೆಯನ್ನೇ ಒಂದು ದೈವವಾಗಿ ಕಾಣುವ ಈ ನೆಲದ ಜನಕ್ಕೆ ಪರದೇಶದ ತಾಳ, ಕನ್ನಡದ ನುಡಿ ಕೂಡಿದ ಹಾಡು ವಿಚಿತ್ರವಾಗಿ ತೋರಲಿಲ್ಲ. ವಿಚಿತ್ರವಾಗಿ ಕಂಡದ್ದು ಶುದ್ಧ ರೂಪಗಳನ್ನು ಅರಸುತ್ತಿದ್ದ ವಿದ್ವಾಂಸರಿಗೆ.

5. ಹಲಗೆ ಮತ್ತು ಪ್ಯಾಡು

ಇಲ್ಲಿಯವರೆಗಿನ ಮಾತು ಡಿಸ್ಕೋದ ಪರವಾಗಿ ಕೇಳಿಸಬಹುದು. ಅದರ ಬೆಲೆಯ ಲೆಕ್ಕವನ್ನೂ ಇಡಬೇಕು. ಜಪಾನಿನ ರೋಲಾಂಡ್ ಕಂಪನಿ 1985ರಲ್ಲಿ ‘ಆಕ್ಟಾಪ್ಯಾಡ್’ ಎಂಬ ವಾದ್ಯವನ್ನು ಹೊರತಂದಿತು. ಎಂಟು ರಬ್ಬರ್ ಚೌಕಗಳಿರುವ ಹಲಗೆಯಂತಹ ಸಾಧನವದು. ಕೋಲಿನಿಂದ ಬಡಿದರೆ ಪ್ರತಿ ಚೌಕವೂ ಬೇರೆ ಬೇರೆ ವಾದ್ಯದ ದನಿ ಹೊರಡಿಸುತ್ತದೆ. ಭಾರತದ ಆರ್ಕೆಸ್ಟ್ರಾಗಳು ಇದನ್ನು ‘ಪ್ಯಾಡ್’ ಎಂದು ಕರೆದು ಅಪ್ಪಿಕೊಂಡವು. ಒಂದು ಚೌಕದಲ್ಲಿ ಡ್ರಮ್ಮು, ಇನ್ನೊಂದರಲ್ಲಿ ಢೋಲಕ್, ಮತ್ತೊಂದರಲ್ಲಿ ತಮಟೆ. ಒಬ್ಬ ವಾದಕ, ಒಂದು ಕೀಬೋರ್ಡ್ ಸೇರಿದರೆ ಮೊದಲು ಎಂಟು-ಹತ್ತು ಜನ ಮಾಡುತ್ತಿದ್ದ ಕೆಲಸ ನಡೆದುಹೋಗುತ್ತಿತ್ತು. ಕ್ಲಾರಿಯೊನೆಟ್, ಅಕಾರ್ಡಿಯನ್, ತಬಲಾ ವಾದಕರು ಒಬ್ಬೊಬ್ಬರಾಗಿ ವೇದಿಕೆಯಿಂದ ಇಳಿದರು. ಗಣೇಶನ ಮೆರವಣಿಗೆಯಲ್ಲಿ ಹಲಗೆ, ಸಮಾಳ, ಡೊಳ್ಳಿನ ಮೇಳಗಳಿಗೆ ಸಲ್ಲುತ್ತಿದ್ದ ಸಂಭಾವನೆಯ ಪಾಲೂ ಕುಗ್ಗಿತು. ಇದು ನಿಜವಾದ ನಷ್ಟ. ಹಳೆಯದರ ಮೇಲಿನ ವ್ಯಾಮೋಹವೆಂದು ತಳ್ಳಿಹಾಕುವಂತಹದಲ್ಲ.

ಆದರೆ ಈ ನಷ್ಟದ ಮಾತನಾಡುವವರು ಇನ್ನೊಂದು ಮುಖವನ್ನು ಕಾಣುವುದಿಲ್ಲ. ಹಳ್ಳಿಯ ಹಲಗೆ ಕೇವಲ ವಾದ್ಯವಲ್ಲ. ಅದನ್ನು ಯಾರು ಬಾರಿಸಬೇಕೆಂಬುದು ಜಾತಿಯಿಂದ ಗೊತ್ತಾಗಿತ್ತು. ಸಾವಿನ ಮನೆಯ ಮುಂದೆ, ಊರ ದೇವರ ಮುಂದೆ, ಗುಡಿಯ ಹೊರಗೆ ನಿಂತು ಬಾರಿಸುವುದು ದಲಿತ ಕೇರಿಗೆ ಕಡ್ಡಾಯದ ಚಾಕರಿಯಾಗಿತ್ತು. 1970ರ ದಶಕದಿಂದ ಬಲಗೊಂಡ ದಲಿತ ಚಳವಳಿ ಈ ಬಿಟ್ಟಿ ಚಾಕರಿಯನ್ನು ಪ್ರಶ್ನಿಸಿತು. ಹಲವರು ಹಲಗೆಯನ್ನು ಕೆಳಗಿಟ್ಟರು. ಇನ್ನು ಕೆಲವರು ಅದನ್ನೇ ಹೋರಾಟದ ದನಿಯಾಗಿ ಎತ್ತಿಕೊಂಡರು. ಎರಡೂ ಗೌರವದ ದಾರಿಗಳೇ. ಪ್ಯಾಡಿನ ಮುಂದೆ ನಿಲ್ಲುವವನಿಗೆ ಇಂತಹ ಹುಟ್ಟಿನ ಕಟ್ಟಳೆ ಇರಲಿಲ್ಲ. ಅದನ್ನು ಕಲಿಯಲು ಬೇಕಾದದ್ದು ಕಿವಿ, ಕೈಚಳಕ ಮತ್ತು ಸಾಲ ಮಾಡಿಯಾದರೂ ಕೊಳ್ಳುವ ಛಲ. ವಾದಕನು ಚಪ್ಪರದ ಹೊರಗೆ ನಿಲ್ಲದೆ ಎತ್ತರದ ವೇದಿಕೆಯ ಮೇಲೆ, ದೀಪದ ಬೆಳಕಿನಲ್ಲಿ ನಿಂತನು. ನಿರೂಪಕನು ಅವನ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳಿದನು. ಜಾನಪದ ಕಲೆಯ ಅವನತಿಯೆಂದು ಬರೆಯಲಾದ ಪುಟಗಳಲ್ಲಿ ಈ ಬಿಡುಗಡೆಯ ಸಂಗತಿ ದಾಖಲಾಗಿಲ್ಲ.

ಹೆಣ್ಣುಮಕ್ಕಳ ವಿಷಯವೂ ಗಮನಾರ್ಹ. ರಸಮಂಜರಿ ಗಾಯಕಿಯರು ರಾತ್ರಿ ಊರಿಂದೂರಿಗೆ ವ್ಯಾನಿನಲ್ಲಿ ಓಡಾಡುತ್ತ ಸ್ವಂತ ಸಂಪಾದನೆಯಿಂದ ಮನೆ ನಡೆಸಿದರು. ಕಂಪನಿ ನಾಟಕದ ನಟಿಯರ ಮೇಲೆ ಸಮಾಜ ಹೊರಿಸಿದ ಸಂದೇಹದ ಮಾತುಗಳನ್ನೇ ಅವರೂ ಹೊತ್ತರು. ಬೀದಿಯ ಹುಡುಗರು ವೇದಿಕೆಯ ಮುಂದೆ ಕುಣಿಯುವಾಗ ಬಡಾವಣೆಯ ಹುಡುಗಿಯರು ಕಾಂಪೌಂಡಿನ ಒಳಗೆ, ಮಾಳಿಗೆಯ ಮೇಲೆ ನಿಂತು ನೋಡಿದರು. ಜಾತಿಯ ಗೆರೆಯನ್ನು ಸಡಿಲಿಸಿದ ಈ ತಾಳ ಹೆಣ್ಣುಗಂಡಿನ ಗೆರೆಯನ್ನು ಅಷ್ಟಾಗಿ ಅಲುಗಿಸಲಿಲ್ಲ ಎಂಬುದನ್ನು ಒಪ್ಪಬೇಕು.

6. ಆನಗೋಡಿನ ನೆನಪು

ದಾವಣಗೆರೆಯ ಸಾಂಸ್ಕೃತಿಕ ನೆನಪಿನಲ್ಲಿ 1990ರ ಸೆಪ್ಟೆಂಬರ್ 30 ಒಂದು ಕರಾಳ ದಿನ. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆಯ ಸಮೀಪ, ಹೆದ್ದಾರಿಯ ಆನಗೋಡಿನ ಬಳಿ ನಡೆದ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಅವರು ಹೊರಟಿದ್ದುದು ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆ. ಚಂದ್ರಶೇಖರ ಕಂಬಾರರ ಆ ನಾಟಕ ಉತ್ತರ ಕರ್ನಾಟಕದ ಜೋಕುಮಾರನ ಆಚರಣೆಯನ್ನು ಆಧರಿಸಿದ್ದು. ಕನ್ನಡದಲ್ಲಿ ಜಾನಪದವನ್ನು ಆಧುನಿಕ ರಂಗಭೂಮಿ ಮರಳಿ ಪಡೆದ ಪ್ರಮುಖ ಕೃತಿಗಳಲ್ಲೊಂದು. ‘ಗೀತಾ’ ಚಿತ್ರದ ಡಿಸ್ಕೋ ಕುಣಿತ, ‘ಜೋಕುಮಾರಸ್ವಾಮಿ’ಯ ಬಯಲಾಟದ ಕುಣಿತ ಇವೆರಡೂ ಒಬ್ಬನೇ ಕಲಾವಿದನ ಆಸಕ್ತಿಗಳಾಗಿದ್ದವು. ಆ ಕಲಾವಿದನಿಗೆ ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆನಿಸಲಿಲ್ಲ. ವಿಮರ್ಶೆ ಮಾತ್ರ ಎರಡನೆಯದನ್ನು ಪಠ್ಯವಾಗಿಸಿತು, ಮೊದಲನೆಯದನ್ನು ಮರೆಯಿತು.

ಜನರು ಮರೆಯಲಿಲ್ಲ. 1980ರ ‘ಆಟೋ ರಾಜ’ ಚಿತ್ರದ ಬಲದಿಂದ ಶಂಕರನಾಗ್ ಆಟೋ ಚಾಲಕರ ಪಾಲಿಗೆ ಕುಲದೈವದಂತಾದರು. ಅವರ ಹೆಸರಿನ ಆಟೋ ನಿಲ್ದಾಣಗಳು, ಗಾಜಿನ ಮೇಲಿನ ಅವರ ಚಿತ್ರಗಳು ನಾಡಿನ ಎಲ್ಲ ನಗರಗಳಲ್ಲೂ ಇವೆ. ರಸಮಂಜರಿ ವೇದಿಕೆಗಳಲ್ಲಿ ‘ಜೂನಿಯರ್ ಶಂಕರನಾಗ್’ ಎಂದು ಬಿರುದು ಹೊತ್ತ ಅನುಕರಣ ಕಲಾವಿದರು ಅದೇ ನಡಿಗೆ, ಅದೇ ದನಿಯಲ್ಲಿ ಬಂದಾಗ ‘ಸಂತೋಷಕ್ಕೆ’ ಹಾಡು ಮತ್ತೆ ಏಳುತ್ತದೆ. ಸತ್ತ ವೀರನ ವೇಷವನ್ನು ಒಬ್ಬ ತಳೆದು, ಸುತ್ತಲಿನವರು ಅವನ ಪದ ಹಾಡಿ, ವರ್ಷವರ್ಷವೂ ಅದನ್ನು ಪುನರಾವರ್ತಿಸುವ ಆಚರಣೆ ಜಾನಪದ ಅಧ್ಯಯನಕಾರರಿಗೆ ಅಪರಿಚಿತವೇನಲ್ಲ. ಕ್ಯಾಸೆಟ್ಟಿನಿಂದ ಹುಟ್ಟಿದ ಹಾಡು ಸ್ಮರಣೆಯ ಪದವಾಗಿ ಮಾರ್ಪಟ್ಟಿರುವುದನ್ನು ಇಲ್ಲಿ ಕಾಣುತ್ತೇವೆ. ಸಂತೋಷದ ಹಾಡೇ ದುಃಖದ ನೆನಪಿನ ಹಾಡೂ ಆಗಿರುವುದು ಅದರ ಅರ್ಥವನ್ನು ಜನರೇ ತಿದ್ದಿಕೊಂಡಿದ್ದಾರೆಂಬುದಕ್ಕೆ ಸಾಕ್ಷಿ.

7. ಉಪಸಂಹಾರ

ಡಿಸ್ಕೋದ ಕಾಲ ಮುಗಿದಿದೆ. ದಾವಣಗೆರೆಯ ಹತ್ತಿ ಗಿರಣಿಗಳ ಸದ್ದಡಗಿದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲೂ ಮುಚ್ಚಿದೆ. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು. ಬಡಾವಣೆಗಳು ಇನ್ನಷ್ಟು ಹಬ್ಬಿದವು. ಸಂಗೀತದಲ್ಲಿ ನಾಜಿಯಾ ಹಸನ್ (2000), ಚರಣಜಿತ್ ಸಿಂಗ್ (2015), ಎಸ್.ಪಿ. ಬಾಲಸುಬ್ರಹ್ಮಣ್ಯಂ (2020), ಬಪ್ಪಿ ಲಾಹಿರಿ (2022) ಒಬ್ಬೊಬ್ಬರಾಗಿ ಅಗಲಿದ್ದಾರೆ. ರಸಮಂಜರಿಯ ಜಾಗದಲ್ಲಿ ಡಿಜೆ ಬಂದಿದೆ. ಲಾರಿಯ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳ ಅಬ್ಬರಕ್ಕೆ ಆಡಳಿತವು ನಿರ್ಬಂಧ ಹೇರುವ ಸ್ಥಿತಿಯಿದೆ. ಡಿಜೆಯ ಮುಂದೆ ಕುಣಿಯಬಹುದು, ಆದರೆ ಚೀಟಿ ಬರೆದುಕೊಟ್ಟು ತನ್ನ ಹಾಡನ್ನು ತನ್ನ ಬೀದಿಯ ಗಾಯಕನಿಂದ ಹಾಡಿಸಿಕೊಳ್ಳಲಾಗದು. ಕೇಳುಗ-ಕಲಾವಿದರ ಆ ಕೊಡುಕೊಳೆಯೇ ರಸಮಂಜರಿಯ ಸೊಗಸಾಗಿತ್ತು. ಇನ್ನೊಂದೆಡೆ ಉತ್ತರ ಕರ್ನಾಟಕದ ‘ಜಾನಪದ’ ಗೀತೆಗಳೆಂದು ಇಂದು ಅಂತರ್ಜಾಲದಲ್ಲಿ ಲಕ್ಷಾಂತರ ಜನ ಕೇಳುವ ಹಾಡುಗಳು ಕೀಬೋರ್ಡ್, ಪ್ಯಾಡುಗಳಿಲ್ಲದೆ ತಯಾರಾಗುವುದು ವಿರಳ. ವಿದ್ವಾಂಸರು ಒಪ್ಪುವ ಮೊದಲೇ ಜನರು ಆ ಪದವನ್ನು ವಿದ್ಯುನ್ಮಾನ ನಾದಕ್ಕೆ ಕೊಟ್ಟುಬಿಟ್ಟಿದ್ದಾರೆ.

ಈ ಹಿನ್ನೆಲೆಯಲ್ಲಿ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. ಪೀಟರ್ ಮ್ಯಾನ್ಯುಯೆಲ್ ಅವರು ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಕುರಿತು 1993ರಲ್ಲಿಯೇ ವಿಸ್ತಾರವಾದ ಗ್ರಂಥ ಪ್ರಕಟಿಸಿದರು. ಕನ್ನಡದ ಸಣ್ಣ ನಗರಗಳ ರಸಮಂಜರಿಗೆ ಅಂತಹ ಅಧ್ಯಯನ ಸಲ್ಲಬೇಕಾಗಿದೆ. ಆಗಿನ ಕಾರ್ಯಕ್ರಮಗಳನ್ನು ಜನರೇ ಟೇಪ್ ರೆಕಾರ್ಡರುಗಳಲ್ಲಿ ಹಿಡಿದಿಟ್ಟ ಕ್ಯಾಸೆಟ್ಟುಗಳು ಮನೆಗಳ ಅಟ್ಟದ ಮೇಲಿವೆ. ಅಯಸ್ಕಾಂತದ ಪಟ್ಟಿಗೆ ಶಿಲೀಂಧ್ರ ಹಿಡಿಯುತ್ತದೆ, ಲೇಪ ಉದುರುತ್ತದೆ. ಅದನ್ನು ನುಡಿಸುವ ಯಂತ್ರಗಳೂ, ದುರಸ್ತಿ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಕರಪತ್ರ, ಹಾಡುಗಳ ಪಟ್ಟಿ ಬರೆದ ನೋಟು ಪುಸ್ತಕ, ಕೋರಿಕೆಯ ಚೀಟಿ ಇವೆಲ್ಲ ತಾಳೆಗರಿಯಷ್ಟೇ ಬೆಲೆಯುಳ್ಳ ದಾಖಲೆಗಳು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಗೊಂಡ ಜಾನಪದ ವಿಶ್ವವಿದ್ಯಾಲಯ ದಾವಣಗೆರೆಗೆ ದೂರವೇನಲ್ಲ. ಅಲ್ಲಿನ ಸಂಶೋಧಕರು ಹಲಗೆಯ ಕಲಾವಿದರನ್ನು ಸಂದರ್ಶಿಸುವ ಕ್ಷೇತ್ರಕಾರ್ಯದಲ್ಲಿಯೇ ಪ್ಯಾಡಿನ ಕಲಾವಿದರನ್ನೂ ಸಂದರ್ಶಿಸುವಂತಾಗಬೇಕು. ಇಬ್ಬರ ಮಾತನ್ನೂ ಒಟ್ಟಿಗಿಟ್ಟು ಕೇಳಿದಾಗ ಮಾತ್ರ ಯಾರು ಏನನ್ನು ಕಳೆದುಕೊಂಡರು, ಯಾರು ಏನನ್ನು ಪಡೆದರು ಎಂಬ ಲೆಕ್ಕ ಸರಿಹೋಗುತ್ತದೆ. ದೇವರಾಜ ಅರಸು ಬಡಾವಣೆಯಂತಹ ಕಡೆ ಆ ಹಾಡುಗಳಿಗೆ ಕುಣಿದ ಹುಡುಗರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಕೇಳಿದರೆ ಅವರು ಹೇಳಿಯಾರು. ಕೇಳುವ ಕೆಲಸ ತಡವಾಗಬಾರದು.